ಸೊನ್ನೆ ಪಟ್ಟಿಯ ಅನುಸೂಯಮ್ಮನವರು

2017ರ ಜೂನ್ ತಿಂಗಳಲ್ಲಿ ಐಮಂಗಲದ ಹತ್ತಿರದ ಹಟ್ಟಿಯೊಂದರಲ್ಲಿ ಬೊಮ್ಮಕ್ಕ ಎಂಬುವವರ ಕುರಿಗಳಿಗೆ ಕರುಳುಬೇನೆಯ ಲಸಿಕೆ ಹಾಕಲಿಲ್ಲ. ಸದಸ್ಯರ ಪಟ್ಟಿಯಲ್ಲಿ ಅವರ ಹೆಸರನ್ನು ಹುಡುಕಿದಾಗ ಕಂಪ್ಯೂಟರು ‘ಸೊನ್ನೆ ದಾಖಲೆ’ ಎಂದು ತೋರಿಸಿತು. ಲಸಿಕೆಯ ವ್ಯಾನು ಮುಂದಿನ ಹಟ್ಟಿಗೆ ಹೋಯಿತು. ಹನ್ನೊಂದು ದಿನಗಳಲ್ಲಿ ನಲವತ್ತೆರಡು ಕುರಿಗಳು ಸತ್ತವು. ಬೊಮ್ಮಕ್ಕ 1994ರಿಂದ ಸದಸ್ಯರಾಗಿದ್ದರು.

ಅಭಿನಂದನ ಸಂಪುಟವೊಂದಕ್ಕೆ ಬರೆಯುವ ಲೇಖನ ಸತ್ತ ಕುರಿಗಳಿಂದ ಆರಂಭವಾಗುವುದು ಶೋಭೆಯಲ್ಲವೆಂದು ಸಂಪಾದಕ ಮಿತ್ರರು ನೊಂದುಕೊಂಡಾರು. ಆದರೆ ವೇದಾವತಿ ಕುರಿಗಾರರ ಸಹಕಾರ ಮಹಾಮಂಡಳದಲ್ಲಿ ಮೂವತ್ತೇಳು ವರ್ಷ ದಾಖಲೆಗಳನ್ನು ಕಾಯ್ದು, ಇದೇ ಮೇ ಕೊನೆಯಲ್ಲಿ ನಿವೃತ್ತರಾದ ಶ್ರೀಮತಿ ಅನುಸೂಯಮ್ಮನವರ ದೊಡ್ಡಸ್ತಿಕೆ ಎಲ್ಲಿಂದ ಶುರುವಾಯಿತೆಂದು ಕೇಳಿದರೆ ನನಗೆ ಬೇರೆ ಜಾಗ ಗೊತ್ತಿಲ್ಲ. ಹುಡುಕುವ ತಂತ್ರಾಂಶಗಳಿಗೆ ವೇಗವನ್ನು ಕೊಟ್ಟ ಪಂಡಿತರು ದೇಶದಲ್ಲಿ ಬಹಳ ಮಂದಿ ಇದ್ದಾರೆ; ಅಂಥ ತಂತ್ರಾಂಶವೊಂದಕ್ಕೆ ‘ನನಗೆ ಸಿಗಲಿಲ್ಲ, ತಪ್ಪು ನನ್ನದಿರಬಹುದು’ ಎಂಬ ವಿನಯವನ್ನು ಕಲಿಸಿದವರು, ನಾನು ಬಲ್ಲಂತೆ, ಹೊರಕೆರೆದೇವಪುರದಲ್ಲಿ ಹುಟ್ಟಿ, ಹೊಳಲ್ಕೆರೆಯಲ್ಲಿ ಓದಿ, ಚಿತ್ರದುರ್ಗದಲ್ಲಿ ತಲೆ ನರೆಸಿಕೊಂಡ ಈ ಒಬ್ಬ ಮಹಿಳೆ. ಆ ತಂತ್ರಾಂಶದ ಹೆಸರು ‘ಜಾಡು’. ಮಹಾಮಂಡಳದ ಅರುವತ್ತು ಸಾವಿರ ಸದಸ್ಯರ ದಾಖಲೆಗಳಲ್ಲಿ ಬೇಕಾದವರನ್ನು ಅದು ಕ್ಷಣದಲ್ಲಿ ಹುಡುಕಿಕೊಡುತ್ತದೆ. ಯಾರು ಎಲ್ಲಿ ಏನನ್ನು ಹುಡುಕಿದರು, ಸಿಕ್ಕಿತೋ ಇಲ್ಲವೋ ಎಂಬುದನ್ನೂ ಲೆಕ್ಕಹಾಕಿ ತೋರಿಸುತ್ತದೆ. ಈ ಮೇ ತಿಂಗಳಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಲ್ಲಿ ಏನೇನು ಹೊಸದು ಇದೆಯೋ ಅದರಲ್ಲಿ ಮುಕ್ಕಾಲು ಪಾಲು ಈ ಅಮ್ಮನ ಹಟ.

1988ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಅನುಸೂಯಮ್ಮನವರು ಹೊಳಲ್ಕೆರೆ ಶಾಖೆಗೆ ಪಟ್ಟಿ ಬರೆಯುವ ಗುಮಾಸ್ತೆಯಾಗಿ ಸೇರಿದರು. ಅವರ ಕೈಬರಹ ದುಂಡಗೆ, ಜೋಳದ ಕಾಳು ಪೋಣಿಸಿದಂತೆ ಇರುತ್ತಿತ್ತಾದ್ದರಿಂದ ಎಲ್ಲ ಶಾಖೆಗಳ ರಿಜಿಸ್ಟರುಗಳೂ ಒಂದಲ್ಲ ಒಂದು ಕಾಲಕ್ಕೆ ಅವರ ಮೇಜಿಗೆ ಬಂದವು. 1994ರಲ್ಲಿ ಮಹಾಮಂಡಳವು ಹೆಂಗಸರನ್ನೂ ಸದಸ್ಯರನ್ನಾಗಿ ಮಾಡಿಕೊಳ್ಳಲು ತೀರ್ಮಾನಿಸಿದಾಗ, ಹಟ್ಟಿ ಹಟ್ಟಿಗೆ ಹೋಗಿ ಕುರಿರೊಪ್ಪದ ಬೇಲಿಗೆ ಒರಗಿ ನಿಂತು ಹೆಸರು ಬರೆದುಕೊಂಡು ಬಂದವರು ಇವರೇ. ಹಿರಿಯೂರು ತಾಲ್ಲೂಕೊಂದರಲ್ಲೇ ಆ ಬೇಸಗೆ ಸಾವಿರದ ನೂರು ಮಂದಿ ಹೆಣ್ಣುಮಕ್ಕಳ ಹೆಸರು ಅವರ ದುಂಡಗಿನ ಅಕ್ಷರದಲ್ಲಿ ದಾಖಲಾಯಿತು. ಅದಾದ ಹತ್ತು ವರ್ಷಕ್ಕೆ ಕಂಪ್ಯೂಟರು ಬಂತು. ರಿಜಿಸ್ಟರುಗಳನ್ನೆಲ್ಲ ಮೂಟೆ ಕಟ್ಟಿ ಯಾವುದೋ ದೂರದ ಊರಿನ ಗುತ್ತಿಗೆದಾರರಿಗೆ ಕೊಟ್ಟರು. ಅವರು ಕಂಡದ್ದನ್ನು ಕಂಡಂತೆ ಬೆರಳಚ್ಚು ಮಾಡಿ ವಾಪಸು ಕಳಿಸಿದರು. ಯಾರೂ ಒಂದು ಪುಟವನ್ನೂ ತಾಳೆ ನೋಡಲಿಲ್ಲ. “ಆಗ ನಾನೂ ಸುಮ್ಮನಿದ್ದೆ” ಎಂದು ಅನುಸೂಯಮ್ಮನವರು ಮುಂದೊಂದು ದಿನ ತಾವಾಗಿಯೇ ಹೇಳಿದರು. ಈ ಒಂದು ವಾಕ್ಯವನ್ನು ಹೇಳಬಲ್ಲ ಅಧಿಕಾರಿಗಳನ್ನು ನನ್ನ ಇಪ್ಪತ್ತೈದು ವರ್ಷದ ಧರಣಿ ಜೀವನದಲ್ಲಿ ನಾನು ಒಂದು ಕೈಯ ಬೆರಳಲ್ಲಿ ಎಣಿಸಿದ್ದೇನೆ, ಬೆರಳು ಉಳಿದಿವೆ.

ನಾನು ಅವರನ್ನು ಮೊದಲು ಕಂಡದ್ದು ಗೇಟಿನ ಹೊರಗಿನಿಂದ. ಬೊಮ್ಮಕ್ಕನ ಕುರಿಗಳು ಸತ್ತ ಸುದ್ದಿ ಹಿರಿಯೂರಿನ ನಮ್ಮ ಓದುಕೂಟಕ್ಕೆ ಮುಟ್ಟಿತು. ಕೆಂಚಣ್ಣ ಎಂಬ ಟೈಲರರ ಅಂಗಡಿಯಲ್ಲಿ ಪ್ರತಿ ಭಾನುವಾರ ಹತ್ತು ಗಂಟೆಗೆ ಸೇರುವ ಕೂಟವದು. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು, ಅರ್ಥವಾಗದ ಮಾತು ಬಂದರೆ ಯಾರೇ ಆಗಲಿ ಕೈ ಎತ್ತುವುದು. ಕೈ ಎತ್ತಿದೊಡನೆ ಓದು ನಿಲ್ಲಬೇಕು. ಅದಕ್ಕೆ ತಮ್ಮೂರಿನಲ್ಲಿ ಏನನ್ನುತ್ತಾರೆಂದು ಕೂತವರೆಲ್ಲ ಒಬ್ಬೊಬ್ಬರಾಗಿ ಹೇಳಬೇಕು. ಆಮೇಲೆಯೇ ಮುಂದಿನ ಸಾಲು. ನನಗೆ ಅಕ್ಷರ ಕಲಿಸಿದ್ದು ಶಾಲೆಯಾದರೂ ಓದು ಕಲಿಸಿದ್ದು ಆ ಹೊಲಿಗೆ ಯಂತ್ರದ ಪಕ್ಕದ ಬೆಂಚು. ಆ ಬೆಂಚಿನವರೆಲ್ಲ ಸೇರಿ, ಬೊಮ್ಮಕ್ಕನನ್ನು ಮುಂದೆ ಕೂರಿಸಿಕೊಂಡು, ಚಿತ್ರದುರ್ಗದ ಪ್ರಧಾನ ಕಚೇರಿಯ ಮುಂದೆ ಧರಣಿ ಕೂತೆವು. ದಾಖಲೆ ವಿಭಾಗದ ಮುಖ್ಯಸ್ಥರು ರಾಜೀನಾಮೆ ಕೊಡಬೇಕೆಂಬುದು ನಮ್ಮ ಮೊದಲನೆಯ ಬೇಡಿಕೆ. ಆ ಮುಖ್ಯಸ್ಥರು ಅನುಸೂಯಮ್ಮನವರು.

ಮೂರನೆಯ ದಿನ ಹನ್ನೊಂದು ಗಂಟೆಗೆ ನಡುವಯಸ್ಸಿನ ಹೆಂಗಸೊಬ್ಬರು, ಕಂಕುಳಲ್ಲಿ ಕೂಸಿನಂತೆ ದಪ್ಪನೆಯ ರಿಜಿಸ್ಟರೊಂದನ್ನು ಇಟ್ಟುಕೊಂಡು, ಗೇಟು ತೆರೆಸಿಕೊಂಡು ಬಂದರು.

“ಸಂಧಾನಕ್ಕೆ ಕಳಿಸಿದಾರೇನ್ರಿ?” ಎಂದೆ ನಾನು, ಮೈಕು ಹಿಡಿದುಕೊಂಡೇ.

“ಯಾರೂ ಕಳಿಸಿಲ್ಲಪ್ಪ. ಒಂಚೂರು ಸರ್ಕಳ್ರಿ, ಕುಂತ್ಕಳ್ತೀನಿ.”

“ರಾಜೀನಾಮೆ ತಂದಿದೀರಾ?”

“ಅದು ಆಮೇಲೆ. ಮೊದ್ಲು ಈ ಪುಟ ಕೇಳ್ರಿ.” ಅವರು ನಮ್ಮ ಜಮಖಾನದ ಮೇಲೆಯೇ ಕೂತು, ಕನ್ನಡಕ ಏರಿಸಿ ಓದಿದರು: “ಕ್ರಮಸಂಖ್ಯೆ ಇನ್ನೂರಾ ಹದಿನೇಳು. ರವೀಂದ್ರನ ಅವ್ವ. ಕುರಿ ಮೂವತ್ತು, ಟಗರು ಎರಡು.”

“ಅಯ್ಯೋ, ಅದು ನಾನೇ ಕಣವ್ವ!” ಎಂದು ಬೊಮ್ಮಕ್ಕ ಎದ್ದುಬಿಟ್ಟರು.

“ನೀನೇ ಅಂತ ಗೊತ್ತು. ಬರ್ಕಂಡೋಳು ನಾನೇ. ನಿನ್ನ ಹೆಸರು ಯಾಕೆ ಹೇಳ್ಲಿಲ್ಲ ಅವತ್ತು?”

“ಹೆಂಗ್ ಹೇಳ್ಲಿ? ನಮ್ಮತ್ತೆ ಹೆಸರೂ ಬೊಮ್ಮಕ್ಕ. ಪಕ್ಕದಾಗೇ ಎಲೆ ಅಡಿಕೆ ಹಾಕ್ಕಂಡು ಕುಂತಿತ್ತು ಮುದುಕಿ. ಅತ್ತೆ ಹೆಸರ ಸೊಸೆ ಬಾಯಾಗೆ ತಗಂಡ್ರೆ ಆ ಬಾಯಿಗೆ ಕೊಳ್ಳಿ ಇಡ್ತಿತ್ತು. ಆಯಮ್ಮ ಹೋಗೋಗಂಟ ನಾನು ರವೀಂದ್ರನ ಅವ್ವನೇಯ. ಹೋದ್ಮ್ಯಾಲೆ ನಾನು ಬೊಮ್ಮಕ್ಕ ಆದೆ.”

“ಪಕ್ಕದಲ್ಲಿ ನಿನ್ನ ಹೆಸರೂ ಬರ್ಕಬೇಕಿತ್ತು. ತಪ್ಪು ನಂದೇ.”

“ನಿಂದೇನು ತಪ್ಪು? ನಾನು ಹೇಳ್ದಂಗೆ ಬರ್ದೀಯ. ಆ ಪೆಟ್ಟಿಗೇಗೆ ನಮ್ಮತ್ತೆ ಗೊತ್ತಿಲ್ಲ, ಅಷ್ಟೇಯ.”

ಧಿಕ್ಕಾರ ಕೂಗಲು ಬಂದಿದ್ದ ನೂರೈವತ್ತು ಜನ ಹೋ ಎಂದು ನಕ್ಕುಬಿಟ್ಟರು. ಹೋರಾಟ ಸಡಿಲವಾಯಿತಲ್ಲಾ ಎಂದು ನಾನು ಕಸಿವಿಸಿಗೊಂಡದ್ದು ನಿಜ. ಆದರೆ ಆ ನಗೆಯ ನಡುವೆಯೇ ಕೆಂಚಣ್ಣನವರು ಕೈ ಎತ್ತಿದರು. ನಮ್ಮ ಕೂಟದ ರೂಢಿ, ಎಲ್ಲರೂ ಸುಮ್ಮನಾದೆವು. “ಇಂಥಾ ಹೆಸರು ಆ ಪುಸ್ತಕದಾಗೆ ಇನ್ನೆಷ್ಟು ಅವೆ?” ಎಂದು ಕೇಳಿದರು. ಅನುಸೂಯಮ್ಮನವರು ಪುಟ ತಿರುವುತ್ತ ಹೋದರು. ದೊಡ್ಡ ಮನೆ ಕಿರಿ ಸೊಸೆ. ಕರಿ ಕಂಬಳಿಯವರ ಮಗಳು. ಬಾವಿ ಹತ್ತಿರದ ಓಬಮ್ಮ. ನೀರಗಂಟಿ ಹೆಂಡತಿ. ಗಂಡನ ಹೆಸರು ಹೇಳಬಾರದವರು, ಅತ್ತೆಯ ಹೆಸರು ಹೇಳಬಾರದವರು, ಭಾವನ ಹೆಸರೇ ತಮ್ಮ ಊರಿನ ಹೆಸರೂ ಆಗಿದ್ದರಿಂದ ಊರನ್ನೂ ಹೇಳಬಾರದವರು. ಇವರೆಲ್ಲ ಸದಸ್ಯರು, ಕಂಪ್ಯೂಟರಿನ ಪಾಲಿಗೆ ಇವರು ಯಾರೂ ಇಲ್ಲ.

ಧರಣಿ ಅಂದು ಸಂಜೆ ಮುಗಿಯಿತು. ರಾಜೀನಾಮೆ ನಾವು ಕೇಳಲಿಲ್ಲ, ಅವರು ಕೊಡಲಿಲ್ಲ. ಬದಲಿಗೆ ಮುಂದಿನ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅವರು ರಿಜಿಸ್ಟರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಿರಿಯೂರಿಗೆ ಬಂದರು. ಆ ದಿನದಿಂದ ಎರಡು ವರ್ಷ ನಮ್ಮ ಓದುಕೂಟ ಓದಿದ ಪುಸ್ತಕ ಅದೊಂದೇ. ಒಂದು ಹೆಸರು ಓದುವುದು; ಗೊತ್ತಿಲ್ಲದವರು ಕೈ ಎತ್ತುವುದು; ಗೊತ್ತಿರುವವರು ‘ಅದು ನಮ್ಮ ಚಿಕ್ಕಮ್ಮ’ ಎನ್ನುವುದು; ಅನುಸೂಯಮ್ಮನವರು ಪಕ್ಕದ ಹಾಳೆಯಲ್ಲಿ ದುಂಡಗೆ ಬರೆದುಕೊಳ್ಳುವುದು. ನಾನು ಓದಿದ ಕ್ರಾಂತಿಕಾರಿ ಪುಸ್ತಕಗಳಲ್ಲಿ ಇದು ಒಂದೆಂದು ಇಲ್ಲಿ ಸಂಕೋಚವಿಲ್ಲದೆ ದಾಖಲಿಸುತ್ತೇನೆ.

ಆ ಕಾಲದ ಒಂದು ಉಪಕಾರವನ್ನು ಹೇಳದಿದ್ದರೆ ನಾನು ಕೃತಘ್ನನಾದೇನು. ಬೇರಾವುದೋ ಮೆರವಣಿಗೆಯ ದೆಸೆಯಿಂದ ನಮ್ಮ ಎಂಟು ಮಂದಿಯನ್ನು ಪೊಲೀಸರು ಒಂದು ಹಗಲು ಠಾಣೆಯಲ್ಲಿ ಕೂರಿಸಿದ್ದರು. ಮಧ್ಯಾಹ್ನ ಅನುಸೂಯಮ್ಮನವರು ಬಂದರು. ಒಂದು ಕೈಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಪೊಲೀಸರಿಗೂ ಸೇರಿಸಿ ಕಟ್ಟಿಸಿಕೊಂಡದ್ದು. ಇನ್ನೊಂದು ಕೈಯಲ್ಲಿ ಹದಿನಾರು ಪುಟದ ಹೆಸರಿನ ಪಟ್ಟಿ. “ಹೆಂಗೂ ಸುಮ್ಮನೆ ಕುಂತಿದೀರಲ್ಲಪ್ಪ, ತಿದ್ದಿ ಕೊಡ್ರಿ” ಎಂದರು. ಸರ್ಕಾರದ ಬಂಧನದಲ್ಲಿದ್ದುಕೊಂಡು ನಾವು ಅಂದು ಮಹಾಮಂಡಳದ ಕೆಲಸವನ್ನು ಸಂಬಳವಿಲ್ಲದೆ ಮಾಡಿದೆವು. ಇನ್‌ಸ್ಪೆಕ್ಟರರ ತಾಯಿಯ ತವರು ಹೊಸದುರ್ಗದ ಕಡೆ ಎಂದು ತಿಳಿದು ಅವರಿಂದಲೂ ಏಳು ಹೆಸರು ಬರೆಸಿಕೊಂಡು ಹೋದರು ಈ ಮಹಾತಾಯಿ.

ಹೀಗೆ ಎಲ್ಲ ತಾಲ್ಲೂಕುಗಳಿಂದ ಕೂಡಿದ ಎರಡು ಸಾವಿರದ ಮುನ್ನೂರು ಕರೆಯುವ ಹೆಸರುಗಳನ್ನು ಯಂತ್ರಕ್ಕೆ ಉಣಿಸಲು ಬಂದವರು ಬೃಂದಾ. ಚಿತ್ರದುರ್ಗದಲ್ಲಿಯೇ ಒಂದು ಪುಟ್ಟ ಕಂಪನಿ ಕಟ್ಟಿಕೊಂಡಿದ್ದ ಎಂಜಿನಿಯರು, ‘ಜಾಡು’ ತಂತ್ರಾಂಶವನ್ನು ಬರೆದವರು. ಮಾತಿನಲ್ಲಿ ಚುರುಕು, ಅನುಸೂಯಮ್ಮನವರಿಗಿಂತ ಮೂವತ್ತು ವರ್ಷ ಚಿಕ್ಕವರು. ಇಬ್ಬರೂ ಮೊದಲ ದಿನವೇ ಜಗಳವಾಡಿದರು. ಹುಡುಕಿದ್ದು ಸಿಗದಿದ್ದಾಗ ಪರದೆಯ ಮೇಲೆ ‘ದಾಖಲೆ ಇಲ್ಲ’ ಎಂದು ಬರುತ್ತಿತ್ತು.

“ಇಲ್ಲ ಅಂತ ಹೇಳೋಕೆ ಇದ್ಯಾರು?” ಎಂದರು ಅನುಸೂಯಮ್ಮನವರು.

“ಇಲ್ದಿದ್ರೆ ಇಲ್ಲ ಅನ್ನಲೇಬೇಕಲ್ಲ ಮೇಡಂ.”

“ಅದಕ್ಕೆ ಸಿಕ್ಕಿಲ್ಲ. ಅಷ್ಟು ಮಾತ್ರ ಅದಕ್ಕೆ ಗೊತ್ತಿರೋದು. ಅಷ್ಟೇ ಹೇಳ್ಲಿ.”

ಮೊದಲ ಆವೃತ್ತಿ 2019ರಲ್ಲಿ ಬಂದಾಗ ಪರದೆಯ ಮೇಲೆ ‘ಇನ್ನೂ ಸಿಕ್ಕಿಲ್ಲ’ ಎಂದು ಬಂತು. ಈ ಒಂದು ಮಾತಿನ ಬದಲಾವಣೆಗೆ ಬೃಂದಾ ಒಂದು ವಾರ ಮುನಿಸಿಕೊಂಡಿದ್ದರು. ಎಂಟನೆಯ ದಿನ ಹೊಳಲ್ಕೆರೆ ಶಾಖೆಯಲ್ಲಿ ಅಜ್ಜಪ್ಪ ಎಂಬ ಹಿರಿಯರೊಬ್ಬರು ಪರದೆ ನೋಡಿ, “ಇನ್ನೂ ಅಂದೈತೆ, ಹಂಗಾದ್ರೆ ಕಾಯ್ತೀನಿ” ಎಂದು ಬೆಂಚಿನ ಮೇಲೆ ಕೂತು, ಕೊನೆಗೆ ತಮ್ಮ ದಾಖಲೆ ಸಿಕ್ಕ ಮೇಲೆಯೇ ಎದ್ದುದನ್ನು ಕಣ್ಣಾರೆ ಕಂಡ ಬೃಂದಾ, ಅಂದಿನಿಂದ ಅನುಸೂಯಮ್ಮನವರನ್ನು ಮೇಡಂ ಎನ್ನುವುದನ್ನು ಬಿಟ್ಟು ಅಮ್ಮ ಎನ್ನಲಾರಂಭಿಸಿದರು.

ಎರಡು, ಮೂರನೆಯ ಆವೃತ್ತಿಗಳನ್ನು ದಾಟಿ ನಾನು ನೇರವಾಗಿ ನಾಲ್ಕಕ್ಕೆ ಬರುತ್ತೇನೆ. ತಂತ್ರಜ್ಞರ ಭಾಷೆ ನನಗೆ ಬಾರದು, ಕಂಡದ್ದನ್ನು ಹೇಳುತ್ತೇನೆ. ಮೊದಲನೆಯದಾಗಿ, ಹೊಸ ಜಾಡು ಅಕ್ಷರಕ್ಕೆ ಜೋತುಬೀಳುವುದಿಲ್ಲ, ಕಿವಿಗೊಟ್ಟು ಕೇಳುತ್ತದೆ. ಹನುಮಂತಪ್ಪ ಎಂದರೂ ಅನ್ಮಂತಪ್ಪ ಎಂದರೂ ಒಬ್ಬನೇ ಮನುಷ್ಯನನ್ನು ಕರೆತರುತ್ತದೆ. ನಂಟಸ್ತನವೂ ಅದಕ್ಕೆ ತಿಳಿಯುತ್ತದೆ: ಇಂಥವನ ಅವ್ವ, ಇಂಥವರ ಕಿರಿ ಸೊಸೆ ಎಂದರೆ, ಆ ಮನೆಯ ದಾಖಲೆಗಳನ್ನೆಲ್ಲ ಮುಂದಿಟ್ಟು ‘ಇವರೇ?’ ಎಂದು ಕೇಳುತ್ತದೆ. ಇದರ ಜೊತೆಗೆ ಅರ್ಥದಿಂದ ಹುಡುಕುವ ವಿದ್ಯೆಯನ್ನೂ ಈ ಸಲ ಕಲಿತಿದೆ. ‘ಕುರಿ ಸುತ್ತು ಹೊಡ್ದು ಬೀಳ್ತೈತೆ’ ಎಂದು ಹೇಳಿದರೆ ಸಾಕು, ವೈದ್ಯರು ಬರೆದ ತಿರುಗುಬೇನೆಯ ಟಿಪ್ಪಣಿಗಳೆಲ್ಲ ತಾವಾಗಿ ಬರುತ್ತವೆ. ಹಟ್ಟಿಯ ಮಾತಿಗೂ ವೈದ್ಯರ ಮಾತಿಗೂ ಒಂದು ಅಕ್ಷರ ಹೊಂದದಿದ್ದರೂ ಸರಿಯೆ.

ಈ ಅರ್ಥದ ವಿದ್ಯೆಯನ್ನು ಪರೀಕ್ಷೆ ಮಾಡಿದ ದಿನ ಮಾಡದಕೆರೆಯಲ್ಲಿ ನಾನೂ ಇದ್ದೆ. ಲಸಿಕೆ ವ್ಯಾನಿನ ಚಾಲಕ ಯತ್ತಪ್ಪನವರು, ಇಪ್ಪತ್ತು ವರ್ಷದಿಂದ ಹಟ್ಟಿಗಳನ್ನು ಸುತ್ತಿ ಸುತ್ತಿ ಯಾವ ಯಂತ್ರವನ್ನೂ ನಂಬದವರು, ತಾವೇ ಒಂದು ಪ್ರಶ್ನೆ ಹಾಕುತ್ತೇನೆಂದು ಮುಂದೆ ಬಂದು ‘ಕೊಬ್ಬಿದ ಟಗರು’ ಎಂದು ಕೇಳಿದರು. ಜಾಡು ಒಂದು ಗಳಿಗೆ ಯೋಚಿಸಿ, ಮೊಟ್ಟಮೊದಲ ಫಲಿತಾಂಶವಾಗಿ ಮಹಾಮಂಡಳದ ಆಡಳಿತ ಮಂಡಳಿಯ ವಾರ್ಷಿಕ ಸಭೆಯ ಊಟದ ಪಟ್ಟಿಯನ್ನು ತೋರಿಸಿತು. ಬೃಂದಾ ಮುಖ ಮುಚ್ಚಿಕೊಂಡರು.

“ನಾಚ್ಕಬ್ಯಾಡವ್ವ, ಸರ್ಯಾಗೇ ಹಿಡ್ದೈತೆ ಜಾಡು” ಎಂದರು ಯತ್ತಪ್ಪ. “ನಮ್ ಟಗರುಗಳು ಕೊನೀಗೆ ಹೋಗಿ ಸೇರೋದು ಅಲ್ಲಿಗೇಯ!”

ಅನುಸೂಯಮ್ಮನವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆದರೆ ಕೂಡಲೇ ಬೃಂದಾ ಕಡೆ ತಿರುಗಿ ಅವರು ಹೇಳಿದ ಮಾತು ನನಗೆ ನೆನಪಿದೆ: “ಅದು ಯಾಕೆ ಇದನ್ನ ತಂತು ಅಂತ ಪರದೆ ಮ್ಯಾಲೆ ಬರ್ಬೇಕು ಕಣಮ್ಮ. ಇಲ್ದಿದ್ರೆ ನಾಳೆ ಗುಮಾಸ್ತ ‘ಕಂಪ್ಯೂಟರು ಹೇಳ್ತು’ ಅಂತ ಕೈ ತೊಳ್ಕಂತಾನೆ.” ಹೀಗಾಗಿ ನಾಲ್ಕನೆಯ ಆವೃತ್ತಿಯಲ್ಲಿ ಪ್ರತಿ ಫಲಿತಾಂಶದ ಕೆಳಗೆ ಒಂದು ಸಾಲು ಕಾರಣ ಇರುತ್ತದೆ. ಹೊಸದುರ್ಗದ ಕಡೆಯ, ಸಣ್ಣಪ್ಪ ಎಂಬ ಒಂದೇ ಹೆಸರಿನ ಇಬ್ಬರ ಕುರಿಗಳು ಒಬ್ಬರ ಹೆಸರಿನಲ್ಲಿ ಇನ್ನೊಬ್ಬರವು ಸೇರಿಹೋಗಿದ್ದುದು ಆ ಸಾಲಿನಿಂದಲೇ ಪತ್ತೆಯಾಯಿತು: ‘ತಂದೆಯ ಹೆಸರು ಹೊಂದಿದೆ, ಊರು ಹೊಂದಿಲ್ಲ’ ಎಂದು ಅದು ಸತ್ಯವನ್ನೇ ನುಡಿದಿತ್ತು. ಹೀಗೆ ಕಾರಣ ಹೇಳುವ ಅಭ್ಯಾಸವನ್ನು ನಮ್ಮ ಸಚಿವಾಲಯಗಳು ಯಾವ ಆವೃತ್ತಿಯಲ್ಲಿ ಕಲಿಯುತ್ತವೋ ನಾನರಿಯೆ.

ಇವೆಲ್ಲಕ್ಕಿಂತ ಮಿಗಿಲಾದದ್ದು ಸೊನ್ನೆ ಪಟ್ಟಿ. ಸಿಕ್ಕವರ ಲೆಕ್ಕವನ್ನು ಎಲ್ಲ ಯಂತ್ರಗಳೂ ಇಡುತ್ತವೆ, ಅದರಲ್ಲಿ ಹೆಚ್ಚುಗಾರಿಕೆಯಿಲ್ಲ. ಜಾಡು ಸಿಗದವರ ಲೆಕ್ಕವನ್ನು ಇಡುತ್ತದೆ. ಹಿರಿಯೂರಿನಲ್ಲಿ ಯಾರೋ ಒಬ್ಬ ಯಲ್ಲಕ್ಕ ಬಂದು ಕೇಳಿ, ಹೆಸರು ಸಿಗದೆ ಹೋದರೆ, ಆಕೆ ಕೇಳಿದ ಮಾತು, ಊರು, ಫೋನ್ ನಂಬರು ಮೂರೂ ಆ ಪಟ್ಟಿಗೆ ಸೇರುತ್ತವೆ. ಮಹಾಮಂಡಳದ ಎಲ್ಲ ಶಾಖೆಗಳ ಪರದೆಯ ಮೇಲೂ ಕಾಣುತ್ತವೆ. ಹೊಸದುರ್ಗದಲ್ಲಿ ಆಕೆಯನ್ನು ಬಲ್ಲವರಿದ್ದರೆ ಅಲ್ಲಿಂದಲೇ ಗುರುತು ಹಿಡಿಯುತ್ತಾರೆ. ಇದಕ್ಕೊಂದು ನಿಯಮವನ್ನೂ ಅನುಸೂಯಮ್ಮನವರು ಆಡಳಿತ ಮಂಡಳಿಯ ಮುಂದೆ ಮೂರು ಸಭೆ ಕೂತು ಮಂಜೂರು ಮಾಡಿಸಿದರು: ಮೊದಲು ಸೂಜಿ, ಆಮೇಲೆ ಹೆಸರು. ಮಳೆ ಬೀಳುವ ಮುಂಚೆ ಲಸಿಕೆ ವ್ಯಾನು ಮೊದಲು ಹೋಗಬೇಕಾದದ್ದು ಸೊನ್ನೆ ಪಟ್ಟಿಯವರ ಹಟ್ಟಿಗೆ. ದಾಖಲೆಯ ವಿಚಾರಣೆಯೆಲ್ಲ ಕುರಿಗೆ ಸೂಜಿ ಬಿದ್ದ ಮೇಲೆ. ಆ ಮೊದಲ ಸುತ್ತಿಗೆ ಉಗ್ರಾಣದಿಂದ ಲಸಿಕೆಯ ಬಾಟಲಿಗಳು ಹೊರಗೆ ಬರುವುದೂ ಈಗ ಆ ಪಟ್ಟಿಯಲ್ಲಿ ಎಷ್ಟು ಮಂದಿ ಇದ್ದಾರೆಂಬ ಲೆಕ್ಕದ ಮೇಲೆಯೇ. ಪಟ್ಟಿಯಲ್ಲಿ ಇಲ್ಲದವರಿಗೆ ಬಾಟಲಿ ಇಲ್ಲ.

ಮೇ ಕೊನೆಯ ವಾರದ ಹೊತ್ತಿಗೆ, ಹತ್ತು ದಿನದ ಪ್ರಯೋಗದಲ್ಲಿ, ಒಂಬತ್ತು ಸಾವಿರಕ್ಕೂ ಮೇಲ್ಪಟ್ಟು ಜನರ ಹೆಸರು ಸಿಕ್ಕಿತು. ನಾನೂರ ಹನ್ನೆರಡು ಮಂದಿಯದು ಸಿಗಲಿಲ್ಲ. ಗುರುವಾರ ಹೊಸ ಆವೃತ್ತಿಯ ಬಿಡುಗಡೆ ಸಮಾರಂಭ, ಶುಕ್ರವಾರ ಬೆಳಿಗ್ಗೆ ಆ ನಾನೂರ ಹನ್ನೆರಡು ಮಂದಿಯ ಹಟ್ಟಿಗಳಿಗೆ ವ್ಯಾನು, ಶನಿವಾರ ಅನುಸೂಯಮ್ಮನವರ ನಿವೃತ್ತಿ ಎಂದು ಗೊತ್ತಾಗಿತ್ತು. ಮೋಡ ಆಗಲೇ ಜೋಗಿಮಟ್ಟಿಯ ಮೇಲೆ ಕಟ್ಟತೊಡಗಿತ್ತು.

ಹಾರೈಕೆಯನ್ನು ಲೇಖನದ ತುದಿಗೆ ಇಡುವುದು ಸಂಪ್ರದಾಯ. ನಾನು ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಕೊನೆಯ ಮಾತನ್ನು ಅವರ ಬಾಯಿಂದಲೇ ಕೇಳಿಸುವ ಆಸೆ ನನಗಿದೆ. ಅನುಸೂಯಮ್ಮನವರು ನಿವೃತ್ತರಾದರೆಂದು ಮಹಾಮಂಡಳದ ಕಾಗದಗಳು ಹೇಳುತ್ತವೆ. ಕಾಗದಗಳನ್ನು ಪೂರ್ತಿ ನಂಬಬಾರದೆಂದು ಕಲಿಸಿದವರು ಅವರೇ. ಮಂಗಳವಾರ ಮಂಗಳವಾರ ಯತ್ತಪ್ಪನವರ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಅವರು ಹಟ್ಟಿಗಳಿಗೆ ಈಗಲೂ ಹೋಗುತ್ತಾರೆ. ಆ ಸೀಟು ಅವರಿಗೆ ಇನ್ನೂ ನಲವತ್ತು ಮಳೆಗಾಲ ಮೀಸಲಾಗಿರಲಿ. ಮೊಣಕಾಲು ನೋವು ಅವರ ವಿಳಾಸ ಸಿಗದೆ ಅಲೆಯುತ್ತಿರಲಿ. ಬರೆಯಬೇಕೆಂದು ಅವರು ಹೇಳುತ್ತಿರುವ ಕರೆಯುವ ಹೆಸರುಗಳ ಪುಸ್ತಕ ಬೇಗ ಬರಲಿ, ಅದನ್ನು ಸಾಲು ಸಾಲಾಗಿ, ಕೈ ಎತ್ತಿಸಿ ಎತ್ತಿಸಿ ಓದುವ ಭಾಗ್ಯ ಕೆಂಚಣ್ಣನವರ ಅಂಗಡಿಗೆ ದೊರೆಯಲಿ.

ಇನ್ನು ಆ ಬುಧವಾರ. ಸಮಾರಂಭದ ಹಿಂದಿನ ದಿನ ಮಧ್ಯಾಹ್ನ ಪ್ರಧಾನ ಕಚೇರಿಯ ಸಭಾಂಗಣದಲ್ಲಿ ತಾಲೀಮು ನಡೆದಿತ್ತು. ಓದುಕೂಟದ ಪರವಾಗಿ ನನ್ನನ್ನೂ ಕರೆದಿದ್ದರು. ಎರಡು ವರ್ಷದ ಹಿಂದೆ ಮಹಾಮಂಡಳಕ್ಕೆ ಆಡಳಿತ ನಿರ್ದೇಶಕರಾಗಿ ಬಂದ ಶ್ರೀ ದಯಾನಂದ ಅವರು ಮುಂದಿನ ಸಾಲಿನಲ್ಲಿ ಕೂತಿದ್ದರು. ದಯಾನಂದ ಅವರು ಈ ಸಂಪುಟದ ಗೌರವ ಸಲಹೆಗಾರರೂ ಹೌದು. ಅವರು ಓದಲಿ ಎಂದೇ ಬರೆಯುತ್ತಿದ್ದೇನೆ. ಕೆಟ್ಟ ಮನುಷ್ಯರಲ್ಲ. ಫಲಕಗಳೆಂದರೆ ಅವರಿಗೆ ಪ್ರೀತಿ, ಮರುದಿನ ಫಲಕ ಕೊಡುವ ಪ್ರಶಸ್ತಿ ಸಮಿತಿಯೊಂದು ಬರುವುದಿತ್ತು, ಅಷ್ಟೇ. ಪರದೆಯ ಎಡಕ್ಕೆ ದೊಡ್ಡದಾಗಿ ಸಿಕ್ಕವರ ಸಂಖ್ಯೆ, ಬಲಕ್ಕೆ ಅಷ್ಟೇ ದೊಡ್ಡದಾಗಿ ‘ಇನ್ನೂ ಸಿಕ್ಕಿಲ್ಲ: 412’.

“ಅನುಸೂಯಮ್ಮ, ಬಲಗಡೇದು ಬ್ಯಾಡ” ಎಂದರು ದಯಾನಂದ.

“ಯಾವುದು ಸಾರ್?”

“ಆ ನಾನೂರಾ ಹನ್ನೆರಡು. ನಾಳೆ ದೊಡ್ಡೋರು ಬರ್ತಾರೆ. ಮದುವೆ ಮನೇಲಿ ಯಾರಾದ್ರೂ ಹರಿದ ಚಾಪೆ ಹಾಸ್ತಾರೇನ್ರಿ? ಒಂದಿನ ಮರೆ ಮಾಡ್ರಿ.”

“ಮರೆ ಮಾಡೋಕೆ ಬರಲ್ಲ ಸಾರ್” ಎಂದರು ಬೃಂದಾ. “ಪಟ್ಟಿ ಇದ್ರೆ ಕಾಣ್ಲೇಬೇಕು, ಹಂಗೇ ಮಾಡಿರೋದು. ಕಾಣಬಾರ್ದು ಅಂದ್ರೆ ಅಳಿಸ್ಬೇಕು.”

“ಹಂಗ್ಯಾಕ್ ಮಾಡಿದ್ರಿ?”

“ಅಮ್ಮ ಹೇಳಿದ್ರು.”

ಹಿಂದಿನ ಸಾಲಿನಲ್ಲಿ ಯತ್ತಪ್ಪ ಕೆಮ್ಮಿದರು. ಅದು ಕೆಮ್ಮಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

“ಸರಿ, ಅಳಿಸ್ರಿ” ಎಂದರು ದಯಾನಂದ. “ಪ್ರಿಂಟ್ ತಗಂಡು ಇಟ್ಕಳ್ರಿ ಬೇಕಾದ್ರೆ.”

“ಪ್ರಿಂಟ್ ನೋಡಿ ಉಗ್ರಾಣದೋರು ಬಾಟ್ಲಿ ಕೊಡಲ್ಲ ಸಾರ್” ಎಂದರು ಅನುಸೂಯಮ್ಮನವರು. “ಪಟ್ಟೀಲಿ ಎಷ್ಟು ಐತೋ ಅಷ್ಟು ಬಾಟ್ಲಿ. ಇವತ್ತು ಅಳಿಸಿದ್ರೆ ಶುಕ್ರವಾರ ವ್ಯಾನು ಖಾಲಿ ಹೋಗ್ತೈತೆ.”

“ಮುಂದಿನ ವಾರ ಹೋಗ್ಲಿ ಬಿಡ್ರಿ.”

“ಮಳೆ ನಿಮ್ಮ ಸಮಾರಂಭಕ್ಕೆ ಕಾಯಲ್ಲ ಸಾರ್” ಎಂದರು ಯತ್ತಪ್ಪ. “ಒಂದು ಮಳೆ ಬಿದ್ದು ಹಸಿರು ಚಿಗುರು ಮೇಯ್ದ್ರೆ ಸಾಕು, ಸೂಜಿ ಬೀಳದಿರೋ ಕುರಿ ನಿಂತ್ಕಂಡಲ್ಲೇ ಉರುಳ್ತಾವೆ.”

“ಏನಪ್ಪ, ನಿನ್ನನ್ನ ಯಾರಾದ್ರೂ ಕೇಳಿದ್ರಾ?” ಎಂದು ದಯಾನಂದ ತಾವೇ ಎದ್ದು ಬಂದು ಮೌಸು ಹಿಡಿದರು. ಅಳಿಸುವ ಗುಂಡಿಯನ್ನು ಒತ್ತಿದರು. ಪಟ್ಟಿ ಹೋಗಲಿಲ್ಲ. ಅದರ ಬದಲು ಒಂದು ಚೌಕ ಮೂಡಿತು: ‘ಅಳಿಸುತ್ತಿರುವವರ ಹೆಸರು? ಕಾರಣ?’

“ಇದೇನ್ರಿ ಇದು?”

“ಹೊಸಾದು ಸಾರ್” ಎಂದರು ಬೃಂದಾ. “ನಾಲ್ಕನೇ ಆವೃತ್ತಿ. ಹೆಸರು ಹಾಕದೆ ಏನೂ ಅಳಿಯಲ್ಲ. ಆ ಹೆಸರು ಮುಂದೆ ಯಾವತ್ತೂ ಹೋಗಲ್ಲ.”

ದಯಾನಂದ ಅವರ ಬೆರಳುಗಳು ಕೀಲಿಮಣೆಯ ಮೇಲೆ ಒಂದೆರಡು ಗಳಿಗೆ ಆಡಿ, ಹಿಂದೆ ಸರಿದವು. ಅವರು ಕುರ್ಚಿಯನ್ನು ಅನುಸೂಯಮ್ಮನವರ ಕಡೆಗೆ ತಿರುಗಿಸಿದರು.

“ನಿಮ್ಮ ಹೆಸರು ಹಾಕ್ರಿ. ಶನಿವಾರಕ್ಕೆ ನೀವು ಮನೇಗೆ ಹೋಗ್ತೀರ. ಆಮೇಲೆ ಯಾರು ಬಂದು ಕೇಳ್ತಾರೆ ನಿಮ್ಮನ್ನ?”

ಅನುಸೂಯಮ್ಮನವರು ಕೂತರು. ಕನ್ನಡಕ ಏರಿಸಿದರು. ಪರದೆಯ ಮೇಲಿನ ಚೌಕವನ್ನು ಮೆಲ್ಲನೆ ಓದಿಕೊಂಡರು. ಆಮೇಲೆ ‘ಬೇಡ’ ಎಂಬಲ್ಲಿಗೆ ಬಾಣವನ್ನು ಒಯ್ದು ಒತ್ತಿದರು. ಚೌಕ ಮಾಯವಾಯಿತು, 412 ಇದ್ದಲ್ಲೇ ಇತ್ತು.

“ಅನುಸೂಯಮ್ಮ, ನಾನು ಹೇಳ್ತಿರೋದು ಆದೇಶ.”

“ಆದೇಶಾನ ಬರ್ದು ಸಹಿ ಮಾಡಿ ಕೊಡ್ರಿ ಸಾರ್, ಫೈಲಿಗೆ ಹಾಕ್ತೀನಿ” ಎಂದರು ಅನುಸೂಯಮ್ಮನವರು. “ಪಟ್ಟಿ ಮಾತ್ರ ಅಳಿಸಲ್ಲ.”